ಅವಳು ಬರೆದ ಒಂದು 'ಅಥವಾ'

"ಇದನ್ನ ಬರದವರು ಯಾರು?"

ಬಾಗಿಲಲ್ಲೇ ನಿಂತು ಕೇಳಿದ ಆ ದನಿಗೆ ಗುಲ್ನಾಜಳ ಕೈಯಲ್ಲಿದ್ದ ಚಹಾ ತುಳುಕಿ ಕೀಬೋರ್ಡಿನ ಪಕ್ಕ ಚೆಲ್ಲಿತು. ಬೆಟಗೇರಿಯ ಈ ವಧೂವರ ಕೇಂದ್ರದಲ್ಲಿ ಕೆಲಸಕ್ಕೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಸಾಫ್ಟ್‌ವೇರ್ ನೋಡಿಕೊಳ್ಳುವ ಇಜಾಜ ರಜೆಯಲ್ಲಿದ್ದಾನೆ, ಬಂದ ಮೇಲೆ ಎಲ್ಲ ಹೇಳಿಕೊಡುತ್ತಾನೆ ಎಂದು ಮಾಲೀಕ ವಿರೂಪಾಕ್ಷಪ್ಪ ಹೇಳಿದ್ದರು. ಇವನೇ ಇರಬೇಕು. ಆದರೆ ಹೇಳಿಕೊಡುವವನ ಮುಖವಂತೂ ಅಲ್ಲ ಇದು... ಹೊಡೆಯಲು ಬಂದವನ ಮುಖ!

"ನಾನ ಬರದೇನ್ರಿ. ಯಾಕ, ಏನಾತು?"

"ಏನಾತು ಅಂದ್ರ? ಕಚ್ಚಾ ಎಸ್‌ಕ್ಯೂಎಲ್ ಇದು! ಕೈಲೆ ಬರದು ಸೀದಾ ಹೆಸರು ಹುಡುಕೋ ಕ್ವೆರಿಯೊಳಗ ತುರುಕೀರಿ. ಇಲ್ಲಿ ಕ್ವೆರಿ ತನ್ನಷ್ಟಕ್ಕ ತಾನ ಕಟ್ಟಿಕೊಳ್ಳೋ ಹಂಗ ಮಾಡಿಟ್ಟೇನಿ. ಅದರಾಗ ಯಾರೂ ಕೈ ಹಾಕೂದಿಲ್ಲ. ನಾನೂ ಹಾಕೂದಿಲ್ಲ."

"ನೀವು ಮಾಡಿಟ್ಟದ್ದು ನನಗ ಬೇಕಾದ್ದನ್ನ ಹುಡುಕಲಿಲ್ಲ ಅಂದ್ರ ನಾ ಏನ ಮಾಡ್ಲಿ?"

"ಕೇಳಬೇಕು!"

"ಯಾರನ್ನ ಕೇಳ್ಲಿ? ರಜಾದಾಗಿದ್ದವರನ್ನ?"

ಇಜಾಜ ಅವಳ ಕಣ್ಣೆದುರಿಗೇ ಕಂಪ್ಯೂಟರಿನತ್ತ ಬಾಗಿ, ಅವಳು ಬರೆದ ಸಾಲನ್ನು ಅಳಿಸಿಹಾಕಿದ. ತನ್ನ ಕುರ್ಚಿಗೆ ಹೋಗಿ ಕೂತ.

ಗುಲ್ನಾಜ ಚೆಲ್ಲಿದ ಚಹಾ ಒರೆಸಿದಳು. 'ಎಷ್ಟು ಸೊಕ್ಕು ಇವನಿಗೆ! ಆ ಸಾಲು ಯಾರ ಸಲುವಾಗಿ ಬರೆದದ್ದು ಅಂತಾದರೂ ಕೇಳಬಾರದಿತ್ತೇ?'

ಆ ಸಾಲು ಅವಳ ಅಕ್ಕ ತಸ್ಲೀಮಳ ಸಲುವಾಗಿ ಬರೆದದ್ದು.

ಯಳವತ್ತಿಗೆ ಲಗ್ನವಾಗಿ ಹೋಗಿದ್ದ ತಸ್ಲೀಮ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಈಗ ಬೆಟಗೇರಿಯಲ್ಲಿ ಅಪ್ಪನ ಗಾದಿ ಅಂಗಡಿಯಲ್ಲಿ ಕೂತು ದಿನವಿಡೀ ಹತ್ತಿ ತುಂಬುತ್ತಿದ್ದಳು. ನಗುವುದನ್ನು ಮರೆತೇಬಿಟ್ಟಿದ್ದಳು. ಗುಲ್ನಾಜ ಈ ಕೇಂದ್ರಕ್ಕೆ ಕೆಲಸಕ್ಕೆ ಸೇರಿದ್ದೇ ಅಕ್ಕನ ಹೆಸರು ನೋಂದಾಯಿಸಿ ಎಲ್ಲಿಯಾದರೂ ಒಂದು ಒಳ್ಳೆಯ ಸಂಬಂಧ ಸಿಕ್ಕೀತೇ ಎಂಬ ಆಸೆಯಿಂದ.

ಸಿಗುವುದು ಹೇಗೆ? ಕೇಂದ್ರದಲ್ಲಿ ಪ್ರತಿ ಮನೆಯವರೂ ತಮಗೆ ಬೇಕಾದ್ದಕ್ಕೆ ಟಿಕ್ ಹಾಕುತ್ತಿದ್ದರು. ವಯಸ್ಸು ಇಷ್ಟು, ತಾಲೂಕು ಇಂಥದ್ದು, ಓದು ಇಷ್ಟು, ಮೊದಲನೇ ಲಗ್ನ. ಇಜಾಜನ ಪ್ರೋಗ್ರಾಂ ಆ ಟಿಕ್ಕುಗಳನ್ನೆಲ್ಲ 'ಮತ್ತು', 'ಮತ್ತು' ಎಂದು ಸೇರಿಸಿ ಕ್ವೆರಿ ಕಟ್ಟುತ್ತಿತ್ತು. 'ಎಲ್ಲಿಯೂ ಲಗ್ನದ ಮಾತು ಆಗಿರದವರು ಮಾತ್ರ' ಎಂಬ ಷರತ್ತನ್ನು ತಾನಾಗಿಯೇ ಸೇರಿಸುತ್ತಿತ್ತು. ಶುಕ್ರವಾರ ಬೆಳಿಗ್ಗೆ ಆಯ್ಕೆಯಾದವರ ಫೋಟೋ, ವಿವರ ಮನೆಮನೆಯ ವಾಟ್ಸಾಪ್‌ಗೆ ಹೋಗುತ್ತಿದ್ದವು. ಎಲ್ಲರೂ ಯೋಚಿಸದೆ 'ಮೊದಲನೇ ಲಗ್ನ'ಕ್ಕೇ ಟಿಕ್ ಹಾಕಿದ್ದರಿಂದ ತಸ್ಲೀಮಳ ಫೋಟೋ ಒಬ್ಬರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸಂಜೆ ಮೆಟ್ಟಿಲಿಳಿಯುವಾಗ ಇಜಾಜ ಹಿಂದಿನಿಂದ ಬಂದ.

"ಒಂದು ಮಾತು ಕೇಳ್ಲೇನ್ರಿ? ನಿಮ್ಮ ಸಾಲಿನಾಗ ಹೆಸರಿತ್ತಲ್ಲ, ಆ ತಸ್ಲೀಮ ಅನ್ನೋರು ನಿಮಗ ಏನಾಗಬೇಕು?"

"ನಮ್ಮ ಅಕ್ಕ. ಒಂದ ಸಲ ಮಂದಿ ಆಕಿ ಮುಖ ನೋಡ್ಲಿ ಅಂತ ಬರದಿದ್ದೆ. ನೋಡಿ ಬ್ಯಾಡ ಅಂದ್ರ ಅನ್ಲಿ. ನೋಡದನ ಬ್ಯಾಡ ಅನ್ನೂದು ಯಾವ ನ್ಯಾಯ?"

ಹೇಳುವಾಗ ಕಣ್ಣು ತುಂಬಿಬಿಟ್ಟವು. ಛೆ, ಈ ಸೊಕ್ಕಿನವನ ಮುಂದೆಯೇ ಅಳಬೇಕೇ!

ಇಜಾಜ ಒಂದು ಮೆಟ್ಟಿಲು ಇಳಿದು ಅವಳ ಪಕ್ಕಕ್ಕೆ ಬಂದ. ಆಮೇಲೆ ಮೆತ್ತಗೆ ಅಂದ: "ನಮ್ಮೂರು ಡೋಣಿಯಾಗ ನನಗೂ ಒಬ್ಬಾಕಿ ತಂಗಿ ಅದಾಳ್ರಿ. ಆಯೇಶಾ. ಕಾಲು ಒಂದೀಟು ಎಳದು ನಡೀತಾಳ. ಎಷ್ಟು ಮಂದಿ ಬಂದು ಚಹಾ ಕುಡದು ಹೋದ್ರು... ನಿಮ್ಮ ಸಂಕಟ ನನಗ ತಿಳೀತೈತಿ."

ಮರುದಿನ ಅವನು ತನ್ನ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಕಿಂಡಿ ತೆರೆದ. ಬೇಕಾದಾಗ ಕೈಯಿಂದ ಬರೆದ ಕಚ್ಚಾ ತುಣುಕನ್ನು ಒಳಗೆ ಸೇರಿಸುವ ಕಿಂಡಿ. ಅದಕ್ಕೊಂದು ಕಟ್ಟುನಿಟ್ಟು.

"ಒಬ್ಬರು ಬರದದ್ದನ್ನ ಇನ್ನೊಬ್ಬರು ಜೋರಾಗಿ ಓದಬೇಕು. ಪೂರಾ ಕ್ವೆರಿ, ನಮ್ಮ ಕನ್ನಡದಾಗ. ಓದಿದ್ದು ಕಿವಿಗೆ ಸರಿ ಅನಿಸಿದ್ರ ಮಾತ್ರ ಒಳಗ. ಆತಿಲ್ಲೋ?"

"ಆತ್ರಿ ಸಾಹೇಬ್ರ!"

ಅವನು ಮೊದಲ ಸಲ ನಕ್ಕ. ಅಲ್ಲಿಗೆ ಗುಲ್ನಾಜಳ ಕಥೆ ಮುಗಿಯಿತು ಅನ್ನಿ.

ಆಮೇಲೆ ಶುರುವಾಯಿತು ನೋಡಿ ಓದಾಟ. "ಗದಗ ತಾಲೂಕಿನವರು, ಮತ್ತು ಮೂವತ್ತರ ಒಳಗಿನವರು, ಮತ್ತು ಪದವಿ ಮುಗಿಸಿದವರು..." ಎಂದು ಇಜಾಜ ಗಂಭೀರವಾಗಿ ಓದುತ್ತಿದ್ದರೆ, ಗುಲ್ನಾಜ ಗಲ್ಲಕ್ಕೆ ಕೈ ಊರಿ ಕೇಳುತ್ತಿದ್ದಳು. ಆ ದನಿ ಕೇಳಲೆಂದೇ ಬೇಡದ ತುಣುಕುಗಳನ್ನೂ ಬರೆಯತೊಡಗಿದಳು ಹುಡುಗಿ! ಅವನಿಗೂ ಅದು ತಿಳಿಯದೇನಲ್ಲ. ತಿಳಿದೂ ಓದುತ್ತಿದ್ದ. ಅಕ್ಕನ ತುಣುಕನ್ನು ಮಾತ್ರ ಅವಳು ಮತ್ತೆ ಮುಟ್ಟಲಿಲ್ಲ. ಒಮ್ಮೆ ಅಳಿಸಿಹಾಕಿದ್ದು ಅದು. ಅದನ್ನು ಸರಿಯಾಗಿ, ನಿಧಾನವಾಗಿ ಬರೆದು ತೋರಿಸಬೇಕು ಎಂಬ ಹಟ ಅವಳದು.

ಅಷ್ಟರಲ್ಲಿ ಆಯೇಶಾಗೆ ಸಂಬಂಧ ಕೂಡಿತು. ಹುಡುಗ ಶಿರಹಟ್ಟಿಯ ತನ್ವೀರ, ಬ್ಯಾಟರಿ ಅಂಗಡಿ ಇಟ್ಟವನು. ಆಯೇಶಾಳ ಕಾಲನ್ನು ನೋಡದೆ ಅವಳ ಮುಖ ನೋಡಿ ಹೂಂ ಅಂದಿದ್ದ. ನಿಶ್ಚಿತಾರ್ಥವೂ ಆಯಿತು. ಆ ಸಂಭ್ರಮದಲ್ಲೇ ಒಂದು ಮಧ್ಯಾಹ್ನ ಇಜಾಜ ಅವಳ ಟೇಬಲ್ಲಿನ ಹತ್ತಿರ ಬಂದು, ಅತ್ತ ಇತ್ತ ನೋಡಿ ಹೇಳಿದ.

"ಗುಲ್ನಾಜ... ಆಯೇಶಾಂದು ನಿಕಾಹ್ ಒಂದು ಆಗಲಿ. ಆಮ್ಯಾಲೆ ನಮ್ಮ ಅಪ್ಪನ್ನ ನಿಮ್ಮ ಮನಿಗೆ ಕರಕೊಂಡ ಬರತೇನಿ."

"ಯಾಕ್ರಿ? ಗಾದಿ ಹೊಲಿಸಾಕ?"

"ಹೂಂ. ಇಬ್ಬರು ಮಲಗೋವಂಥಾ ದೊಡ್ಡ ಗಾದಿ!"

ಅಯ್ಯೋ! ಗುಲ್ನಾಜ ಓಡಿಹೋಗಿ ನೀರಿನ ಫಿಲ್ಟರಿನ ಹಿಂದೆ ನಿಂತುಕೊಂಡಳು. ಅವತ್ತು ಪೂರ್ತಿ ಅವನ ಕಡೆ ತಲೆ ಎತ್ತಿ ನೋಡಲಿಲ್ಲ.

ಅಷ್ಟು ಸುಖ ಯಾರಿಗಾದರೂ ಎಷ್ಟು ದಿನ ಇದ್ದೀತು?

ಆ ಗುರುವಾರ ಇಜಾಜ ತಂಗಿಗೆ ಲಗ್ನದ ಬಟ್ಟೆ ಕೊಡಿಸಲು ಮುಂಡರಗಿ ಪೇಟೆಗೆ ಹೋಗಿದ್ದ. ಗುಲ್ನಾಜ ಕೊನೆಗೂ ಅಕ್ಕನ ತುಣುಕನ್ನು ಬರೆದಿದ್ದಳು. 'ಅಥವಾ, ಎರಡನೇ ಸಂಬಂಧವಾದರೂ ನಡೆಯುತ್ತದೆ ಎಂದವರು.' ಇಷ್ಟೇ. ಅಕ್ಕನ ಹೆಸರಿನ ಮುಂದೆ ಆ ಟಿಕ್ ಇತ್ತು. ಇಜಾಜನಿಗೆ ಫೋನ್ ಮಾಡಿದಳು.

"ತುಣುಕು ಬರದೇನಿ. ಓದಲೇನ್ರಿ?"

"ಏ, ಇಲ್ಲಿ ಗದ್ದಲ ಭಾಳ ಐತಿ, ಏನೂ ಕೇಳವಲ್ದು. ನೀ ಬರದೀ ಅಂದ್ರ ಸರೀನ ಇರತೈತಿ. ಹಾಕಿಬಿಡು!"

'ನೀ ಬರದೀ ಅಂದ್ರ ಸರೀನ ಇರತೈತಿ...' ಆ ಮಾತು ಕಿವಿಯಲ್ಲಿ ಜೇನಿನಂತೆ ಇಳಿಯಿತು. ಇನ್ನೊಮ್ಮೆ ನೋಡಬೇಕು ಎಂದೂ ಅನಿಸಲಿಲ್ಲ. ಹಾಕಿಬಿಟ್ಟಳು.

ಶುಕ್ರವಾರ ಬೆಳಿಗ್ಗೆ ಸಂದೇಶಗಳು ಹೊರಟವು. ತಸ್ಲೀಮಳ ಮುಖ ಎಷ್ಟೋ ಮನೆಗಳಿಗೆ ಹೋಯಿತು. ಗುಲ್ನಾಜ ಖುಷಿಯಿಂದ ಅಕ್ಕನಿಗೆ ಜಿಲೇಬಿ ಕೊಂಡುಹೋದಳು.

ಶನಿವಾರ ಬೆಳಿಗ್ಗೆ ಇಜಾಜ ಬಂದಾಗ ಅವನ ಮುಖ ನೋಡಿ ಅವಳು ಕುರ್ಚಿಯಿಂದ ಎದ್ದಳು. ಕಣ್ಣು ಕೆಂಪಾಗಿ ಊದಿಕೊಂಡಿದ್ದವು. ಯಾರ ಕಡೆಯೂ ನೋಡದೆ ಕಂಪ್ಯೂಟರಿನ ಮುಂದೆ ಕೂತ.

"ಏನಾತ್ರಿ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಆಯೇಶಾಂದು ಮುರೀತು."

"ಏನು?!"

"ತನ್ವೀರನ ಕಾಕಾನ ಮಗ ಶಫೀಕ ಅಂತ ಅದಾನ. ಅವನೂ ನಮ್ಮ ಕೇಂದ್ರದಾಗ ಹೆಸರು ಹಚ್ಚ್ಯಾನ. ನಿನ್ನೆ ಅವನ ಫೋನಿಗೆ ಆಯೇಶಾನ ಫೋಟೋ ಹೋಗೇತಿ. 'ನಿಮಗ ಹೊಂದುವ ಸಂಬಂಧ' ಅಂತ! ಎರಡನೇ ಸಂಬಂಧ ಆದ್ರೂ ನಡೀತೈತಿ ಅಂತ ಬ್ಯಾರೆ ಅದರಾಗ. ತನ್ವೀರನ ಅವ್ವ ಅಲ್ಮಾಸಬಿ ನಮ್ಮ ಅಪ್ಪಗ ಫೋನ್ ಮಾಡಿ ಕೇಳಿದ್ಲು, ನಮಗ ಮಾತು ಕೊಟ್ಟು ಇನ್ನೂ ಚಲೋ ವರ ಹುಡುಕಾಕತ್ತೀರೇನು, ಹುಡುಗಿ ಅಣ್ಣನ ಅಲ್ಲಿ ಕುಂತು ಕಳಸ್ಯಾನಲ್ಲ, ಅಂತ. ತಪ್ಪು ನಂದು ಅಂತ ಅವರಿಗೆ ನಿನ್ನೆನ ಹೇಳೇನಿ, ಕೇಳಲಿಲ್ಲ."

ಇಜಾಜ ಪರದೆಯನ್ನೇ ನೋಡುತ್ತ, ಈ ಸಲ ಯಾರೂ ಹೇಳದೆ, ಜೋರಾಗಿ ಓದತೊಡಗಿದ.

"ಎಲ್ಲೂ ಮಾತು ಆಗಿರದವರು, ಮತ್ತು ಕೇಳಿದ ವಯಸ್ಸಿನವರು, ಮತ್ತು ಕೇಳಿದ ತಾಲೂಕಿನವರು, ಮತ್ತು ಮೊದಲನೇ ಲಗ್ನದವರು... ಅಥವಾ... ಎರಡನೇ ಸಂಬಂಧ ಆದರೂ ನಡೆಯುತ್ತದೆ ಎಂದವರು."

ಅವನು ಓದುವುದನ್ನು ನಿಲ್ಲಿಸಿದ. ಅವಳಿಗೂ ಆಗಲೇ ಕೇಳಿಸಿತು. ಬ್ರಾಕೆಟ್! ಆ ಕೊನೆಯ ಎರಡನ್ನು ಮಾತ್ರ ಒಂದು ಬ್ರಾಕೆಟ್ಟಿನೊಳಗೆ ಕಟ್ಟಬೇಕಿತ್ತು. ಕಟ್ಟಿರಲಿಲ್ಲ. ಅವಳ 'ಅಥವಾ' ಹಿಂದಿನ ಷರತ್ತುಗಳನ್ನೆಲ್ಲ ದಾಟಿ, ಎರಡನೇ ಸಂಬಂಧಕ್ಕೆ ಹೂಂ ಎಂದವರನ್ನು, ಮಾತು ಆಗಿರಲಿ ಬಿಡಲಿ, ಎಲ್ಲರ ಮನೆಗೂ ಕಳಿಸಿಬಿಟ್ಟಿತ್ತು. ಯಾರೂ ಒಪ್ಪದೆ ಸೋತುಹೋಗಿದ್ದ ಕಾಲದಲ್ಲಿ ಆಯೇಶಾ ತಾನೇ ಆ ಟಿಕ್ ಹಾಕಿಸಿದ್ದಳು.

"ಇಜಾಜ ಅವರ... ನಾ... ಯಾ ಅಲ್ಲಾ, ನಾ ಏನ ಮಾಡಿಬಿಟ್ಟೆ..."

ಅವನು ಆ ತುಣುಕನ್ನು ಅಳಿಸಿದ. ಆಮೇಲೆ ತಾನೇ ತೆರೆದಿದ್ದ ಕಿಂಡಿಯನ್ನೂ ಮುಚ್ಚಿದ. ಎದ್ದು ನಿಂತ.

"ನನ್ನ ಮುಂದ ಬರಬ್ಯಾಡ ಗುಲ್ನಾಜ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕೂಗಾಡಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನು ಸುಮ್ಮನೆ ಹೊರಟುಹೋದ. ಕಿಟಕಿಯಿಂದ ನೋಡಿದಳು, ರಸ್ತೆ ದಾಟುವಾಗಲೂ ಅವನು ತಿರುಗಿ ನೋಡಲಿಲ್ಲ. ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್.

ಓಡಿಹೋಗಿ ವಿರೂಪಾಕ್ಷಪ್ಪನವರ ಮುಂದೆ ನಿಂತಳು. "ಸರ್, ಅದು ನಾ ಬರದದ್ದು. ಅವರಿಗೆ ಫೋನ್ ಮಾಡಿ ಹೇಳ್ರಿ. ಈಗಿಂದೀಗ ಹೇಳ್ರಿ!"

ವಿರೂಪಾಕ್ಷಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡ ತಂಗಿ, ಇಜಾಜ ತಪ್ಪು ತನ್ನದ ಅಂತ ಅವರಿಗೆ ಹೇಳಿಬಿಟ್ಟಾನ. ಅವನ ತಂಗಿ, ಅವನ ಮನಿ ಜಗಳ. ನಮ್ಮ ಸಾಫ್ಟ್‌ವೇರ್ ಕೆಟ್ಟೈತಿ ಅಂತ ಊರಾಗ ಸುದ್ದಿ ಆತಂದ್ರ ನಾಳೆ ಯಾರು ಬರತಾರ ಇಲ್ಲಿ? ನೀ ಸುಮ್ಮನಿರು."

"ಆದ್ರ ಆಯೇಶಾ..."

"ನಾಳೆ ಮಧ್ಯಾಹ್ನ ಅವರಪ್ಪ ಶಿರಹಟ್ಟಿಗೆ ಹೋಗಿ ನಿಶ್ಚಿತಾರ್ಥದ ಸೀರಿ, ಉಂಗುರ ವಾಪಸ್ ಕೊಟ್ಟು ಬರತಾರಂತ. ಮುಗೀತಲ್ಲ. ಆಕಿಗೆ ಇನ್ನೊಂದು ಹುಡುಕೂಣಂತ, ನಾವ ಹುಡುಕೂಣ."

ಇನ್ನೊಂದು! ಎಷ್ಟು ಸುಲಭವಾಗಿ ಹೇಳಿದರು. ಹಿರಿಯರ ಮುಂದೆ ಸಾಮಾನು ಕೈ ಬದಲಾದರೆ ಆಮೇಲೆ ಯಾವ ದೇವರು ಬಂದರೂ ಆ ಸಂಬಂಧ ಕೂಡುವುದಿಲ್ಲ ಎಂದು ಗುಲ್ನಾಜಳಿಗೆ ಗೊತ್ತು. ಆಯೇಶಾಳ ಬಾಳು ಹೋಗುತ್ತದೆ. ಅದರ ಜೊತೆಗೆ ಇಜಾಜನೂ ಹೋಗುತ್ತಾನೆ. ಹೋಗುವುದೇನು, ಹೋಗಿಯೇಬಿಟ್ಟನಲ್ಲ!

ಅಂಗಡಿಯಲ್ಲಿ ಹತ್ತಿಯ ರಾಶಿಯ ಮೇಲೆ ಬಿದ್ದು ಅತ್ತಳು. ತಸ್ಲೀಮ ಎಲ್ಲವನ್ನೂ ಕೇಳಿದಳು. ಕೇಳಿ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು.

"ನನ್ನ ಸಲುವಾಗಿ ಇನ್ನೊಬ್ಬಾಕಿ ಮನಿ ಮುರೀತೇನ ಗುಲ್ಲೂ?"

"ಅಕ್ಕಾ, ಹಂಗನಬ್ಯಾಡ..."

"ಲಗ್ನದ ಸೀರಿ ಉಟಗೊಂಡು, ಆಮ್ಯಾಲೆ ಅದನ್ನ ತಗದಿಡೂದು ಹೆಂಗಿರತೈತಿ ಅಂತ ನನಗ ಗೊತ್ತೈತಿ. ಆ ಹುಡುಗಿ ಉಡೂ ಮೊದಲ ತಗದಿಡಾಕತ್ತಾಳ." ತಸ್ಲೀಮ ತಂಗಿಯ ಗಲ್ಲ ಹಿಡಿದೆತ್ತಿದಳು. "ಇಲ್ಲಿ ಅತಗೋತ ಕುಂತ್ರ ಏನ ಬಂತು? ಶಿರಹಟ್ಟಿಗೆ ಹೋಗು. ಬಾಗಲಾ ಮುಚ್ಚಿದ್ರ ಬಡಿ. ಬೈದ್ರ ಬೈಸಿಕೊ. ಆದ್ರ ಹೇಳಿ ಬಾ."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಾಗಿನಿಂದ ಗುಲ್ನಾಜಳಿಗೆ ಒಂದೇ ಜಪ. 'ಅವರು ಬರೂದ್ರೊಳಗ ಮುಟ್ಟಿಸಪ್ಪಾ...' ಆ ಬಸ್ಸೋ, ಹಳ್ಳಿಹಳ್ಳಿಗೂ ನಿಂತು, ಬುಟ್ಟಿ ಏರಿಸಿ, ಬುಟ್ಟಿ ಇಳಿಸಿ, ಕಂಡಕ್ಟರ್ ಚಹಾ ಕುಡಿದು... ಇಳಿದು ಓಡಿಬಿಡಲೇ ಅನಿಸಿತು. ಪೊಲೀಸ್ ಸ್ಟೇಶನ್ನಿಗೆ ಹೋಗುವ ಕಳ್ಳನಿಗೂ ಇಷ್ಟು ಎದೆ ಬಡಿದುಕೊಳ್ಳುತ್ತಿರಲಿಲ್ಲವೇನೋ.

ಬ್ಯಾಟರಿ ಅಂಗಡಿಯ ತನ್ವೀರನ ಮನೆ ಕೇಳಿಕೊಂಡು ಹೋದಳು. ಅಂಗಳದಲ್ಲಿ ಚಾಪೆ ಹಾಸಿ ಆಗಲೇ ನಾಲ್ಕಾರು ಹಿರಿಯರು ಕೂತಿದ್ದರು. ನಡುವೆ ಕುರ್ಚಿಯ ಮೇಲೆ ಒಬ್ಬ ದಪ್ಪ ಹೆಂಗಸು. ಅಲ್ಮಾಸಬಿಯೇ. ಕಂಬಕ್ಕೆ ಒರಗಿ ನಿಂತ ಬಾಡಿದ ಮುಖದ ಹುಡುಗ ತನ್ವೀರ ಇರಬೇಕು.

"ಯಾರವ್ವಾ ನೀ?"

"ಚಾಚಿ, ನಾ ಗುಲ್ನಾಜ. ಬೆಟಗೇರಿ ವಧೂವರ ಕೇಂದ್ರದಾಗ ಕೆಲಸ ಮಾಡತೇನಿ. ಆಯೇಶಾನ ಫೋಟೋ ಕಳಿಸಿದ್ದು ಇಜಾಜ ಅಲ್ರಿ. ಅವರಪ್ಪನೂ ಅಲ್ಲ. ಕಳಿಸಿದ ತಪ್ಪು ನಂದು."

ಅಲ್ಮಾಸಬಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನೀ ಯಾಕ ಕಳಿಸಿದಿ? ನನ್ನ ಮಗ ನಿನಗ ಏನ ಮಾಡಿದ್ದ?"

"ಬೇಕಂತ ಕಳಿಸಿಲ್ಲ ಚಾಚಿ. ಯಂತ್ರಕ್ಕ ತಪ್ಪು ಹೇಳಿದೆ. ಅದು ಹೇಳಿದ್ದನ್ನ ಮಾಡ್ತು."

"ಯಂತ್ರಂತ ಯಂತ್ರ! ಯಂತ್ರಕ್ಕೇನು ನಮ್ಮ ಹುಡುಗಿ ಫೋಟೋನ ಬೇಕಾಗಿತ್ತಾ? ಯಾರ ಕಿವ್ಯಾಗ ಹೂ ಇಡತಿ?"

'ಹೇಗೆ ತಿಳಿಸಲಿ ಇವರಿಗೆ?' ಗುಲ್ನಾಜ ಸುತ್ತ ನೋಡಿದಳು. ಒಲೆಯ ಮೇಲಿನ ದೊಡ್ಡ ಪಾತ್ರೆ ಕಣ್ಣಿಗೆ ಬಿತ್ತು.

"ಚಾಚಿ, ನಿಮ್ಮ ಮನ್ಯಾಗ ದಾವತ್ ಐತಿ ಅನ್ರಿ. ಕರಿಯಾಕ ಹೋಗಾಂವಗ ನೀವು ಹೇಳತೀರಿ, ನಮ್ಮ ಕೂಡ ಜಗಳ ಆಡಿದವರು ಬ್ಯಾಡ, ನಮ್ಮ ಓಣಿಯವರಾಗಿರಬೇಕು, ನಮ್ಮ ಪೈಕಿಯವರಾಗಿರಬೇಕು, ಅಥವಾ ಬಿರ್ಯಾನಿ ತಿನ್ನೋರಾಗಿರಬೇಕು. ಇಷ್ಟ ಹೇಳಿ ಕಳಿಸಿದ್ರ ಏನಾಕ್ಕೈತಿ?"

"ಏನಾಕ್ಕೈತಿ? ಬಿರ್ಯಾನಿ ತಿನ್ನೋರು ಅಂದಮ್ಯಾಲ ಊರಿಗೂರ ಬರತೈತಿ."

"ಜಗಳ ಆಡಿದವರು?"

"ಅವರ ಮೊದಲ ಬಂದು ಕುಂಡ್ರತಾರ!"

ಚಾಪೆಯ ಮೇಲಿದ್ದ ಒಬ್ಬ ಹಿರಿಯರು ಕಿಸಕ್ಕೆಂದರು. ಗುಲ್ನಾಜ ಅಳುತ್ತಲೇ ಹೇಳಿದಳು: "ನಾನೂ ಹಂಗ ಒಂದು 'ಅಥವಾ' ಹೇಳಿದೆ ಚಾಚಿ. ಮಾತು ಆದವರನ್ನ ಕಳಿಸಬ್ಯಾಡ ಅಂತ ಇಜಾಜ ಅವರು ಮೊದಲ ಬರದಿಟ್ಟಿದ್ರು. ನನ್ನ 'ಅಥವಾ' ಅದನ್ನ ದಾಟಿ ಹೋತು. ಆಯೇಶಾ ಒಬ್ಬಾಕೀದಲ್ಲ, ಮಾತು ಆದ ಇನ್ನೂ ಎಷ್ಟೋ ಮಂದೀದು ಹೋಗೇತಿ. ಆ ಮನಿಗಳಿಗೆಲ್ಲಾ ನಾಳೆ ನನ್ನ ಹೆಸರಿಲೆ ತಪ್ಪಾತು ಅಂತ ಬರದು ಕಳಸತೇನಿ. ಕೆಲಸ ಹೋದ್ರ ಹೋಗಲಿ."

"ಎಂಥಾದ್ದಕ್ಕ ಬರದಿ ಅದನ್ನ?"

"ನಮ್ಮ ಅಕ್ಕನ ಸಲುವಾಗಿ. ಗಂಡ ಇಲ್ರಿ ಆಕಿಗೆ. ಯಾರೂ ಆಕಿ ಮುಖಾನ ನೋಡವಲ್ರು..."

ಅಲ್ಮಾಸಬಿಯ ಮುಖ ಒಂದು ಗಳಿಗೆ ಮೆತ್ತಗಾಯಿತು. ಮತ್ತೆ ಬಿಗಿಯಿತು.

"ಆತು. ಆದ್ರ ಆ ಹುಡುಗ ಮೊನ್ನೆ ಫೋನಿನ್ಯಾಗ ತಪ್ಪು ನಂದು ಅಂದ. ಇವತ್ತ ನೀ ಬಂದು ನಂದು ಅಂತಿ. ನಿನ್ನ ಹೆಸರು ಅಂವ ಯಾಕ ಮುಚ್ಚಿಟ್ಟ? ಅವನ ಕಳಸ್ಯಾನೇನು ನಿನ್ನ? ಖರೆ ಹೇಳು, ಇಜಾಜ ನಿನಗ ಏನಾಗಬೇಕು?"

ಆಗಲೇ ಹೊರಗೆ ಚಪ್ಪಲಿಯ ಸದ್ದಾಯಿತು. ತಲೆಬಾಗಿಲಲ್ಲಿ ಬಿಳಿ ಗಡ್ಡದ ಅಕ್ಬರಸಾಬ, ಆಯೇಶಾಳ ಅಪ್ಪ. ಅವರ ಹಿಂದೆ ಬಟ್ಟೆಯ ಚೀಲ ಹಿಡಿದ ಇಜಾಜ. ಅವಳನ್ನು ಕಂಡದ್ದೇ ಅವನ ಕಾಲು ಅಲ್ಲೇ ನಿಂತಿತು.

ಎಲ್ಲರ ಕಣ್ಣೂ ಗುಲ್ನಾಜಳ ಮೇಲೆ. ಲಗ್ನವಾಗದ ಹುಡುಗಿ ಪರ ಊರಿನ ಅಂಗಳದಲ್ಲಿ ಗಂಡಸರ ಮುಂದೆ ಆಡುವ ಮಾತೇ ಇದು? ಆಡಿದರೆ ನಾಳೆ ಬೆಟಗೇರಿಗೆ ಖಬರ ಮುಟ್ಟುತ್ತದೆ. ಇಜಾಜ ಇಲ್ಲ ಅಂದುಬಿಟ್ಟರೆ ಅವಳ ಗತಿಯೇನು? ಆದರೆ ಇಲ್ಲಿ ಒಂದು ಸುಳ್ಳು ಹೇಳಿದರೂ ಉಳಿದದ್ದನ್ನು ಯಾರೂ ನಂಬುವುದಿಲ್ಲ.

"ಅವರಿಗೆ ನಾ ಏನಾಗಬೇಕೋ ನನಗ ಗೊತ್ತಿಲ್ಲ ಚಾಚಿ. ನನ್ನ ಮುಂದ ಬರಬ್ಯಾಡ ಅಂತ ನಿನ್ನೆ ಹೇಳ್ಯಾರ. ಆದ್ರ ನಾ... ನಾ ಅವರನ್ನ ಪ್ರೀತಿ ಮಾಡತೇನಿ. ಅವರು ಕಳಿಸಿಲ್ಲ ನನ್ನ. ಸುಳ್ಳು ಹೇಳೂದಿದ್ರ ಮನ್ಯಾಗ ಸುಮ್ಮನ ಕುಂಡ್ರತಿದ್ದೆ. ಯಾರೂ ನನ್ನ ಹೆಸರು ಎತ್ತತಿರಲಿಲ್ಲ."

ಅಲ್ಮಾಸಬಿ ಬಾಗಿಲ ಕಡೆ ತಿರುಗಿದಳು.

"ಕೇಳಿದೇನಪಾ? ನೀ ಏನಂತಿ?"

ಇಜಾಜ ಚೀಲವನ್ನು ಕೆಳಗಿಟ್ಟ. ಗುಲ್ನಾಜ ಕಣ್ಣು ಮುಚ್ಚಿಕೊಂಡಳು. 'ಮುಗೀತು...'

"ತಪ್ಪು ಆಕಿ ಒಬ್ಬಾಕೀದಲ್ರಿ." ಇಜಾಜ ಅಂಗಳಕ್ಕೆ ಬಂದು ನಿಂತ. "ಒಬ್ಬರು ಬರದದ್ದು ಇನ್ನೊಬ್ಬರು ಓದಬೇಕು ಅಂತ ನಾನ ಕಟ್ಟುನಿಟ್ಟು ಮಾಡಿದ್ದೆ. ಆಕಿ ಫೋನ್ ಮಾಡಿ ಓದಲೇನು ಅಂತ ಕೇಳಿದ್ಲು. ನಾ ಓದಸದನ ಹ್ಞೂಂ ಅಂದೆ."

"ಯಾಕ ಓದಸಲಿಲ್ಲ?"

"ಆಕಿ ಬರದಿದ್ಲು ಅಂತ."

"ಅಂದ್ರ?"

"ಎಲ್ಲಾರದ್ದೂ ಎರಡೆರಡು ಸಲ ನೋಡತೇನ್ರಿ ನಾ. ನಂದು ನಾನ ನಂಬಂಗಿಲ್ಲ. ಆಕೀದೊಂದು... ಕಣ್ಣು ಮುಚ್ಚಿ ನಂಬಿದೆ." ಇಜಾಜ ಮುಖ ಒರೆಸಿಕೊಂಡ. "ನನ್ನ ಪ್ರೀತಿಯೊಳಗ ನಾ ಮೈಮರತೆ, ನನ್ನ ತಂಗಿ ಬಾಳು ಹೋತು. ಅದಕ್ಕ ನಿಮಗ ತಪ್ಪು ನಂದು ಅಂದೆ. ಅದು ಖರೇನ ಐತಿ."

ಗುಲ್ನಾಜ ಕಣ್ಣು ತೆರೆದಳು. ಅವನು ಅವಳನ್ನೇ ನೋಡುತ್ತಿದ್ದ. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು.

ಅಲ್ಮಾಸಬಿ ದನಿ ತಗ್ಗಿಸಿ ಅಂದಳು: "ಯಂತ್ರದ್ದು ತಿಳೀತವ್ವಾ. ಆದ್ರ ಎರಡನೇ ಸಂಬಂಧ ಆದ್ರೂ ನಡೀತೈತಿ ಅಂತ ಬರಿಸ್ಯಾರಲ್ಲ, ಅದು ನನ್ನ ಹೊಟ್ಟ್ಯಾಗ ಚುಚ್ಚತೈತಿ. ನನ್ನ ಮಗ ಏನು ಗತಿ ಇಲ್ಲದವರು ಒಪ್ಪಿದ ವರ ಏನು?"

"ಅವ್ವಾ, ಅದು ನನಗ ಗೊತ್ತಿತ್ತು."

ಎಲ್ಲರೂ ತಿರುಗಿದರು. ಕಂಬಕ್ಕೆ ಒರಗಿದ್ದ ತನ್ವೀರ ಮೊದಲ ಸಲ ಬಾಯಿಬಿಟ್ಟಿದ್ದ.

"ಆಯೇಶಾ ನಿಶ್ಚಿತಾರ್ಥದ ದಿನಾನ ಹೇಳಿದ್ಲು. ಯಾರೂ ಒಪ್ಪದಿದ್ದಾಗ ಹಂಗ ಬರಿಸಿದ್ದೆ, ಮುಚ್ಚಿಟ್ಟು ಬರಾಕ ಮನಸಿಲ್ಲ ಅಂತ. ಆ ಮಾತಿಗೇ ನನಗ ಆಕಿ ಮ್ಯಾಲ ಇನ್ನೂ ಮನಸಾತು. ನನಗ ಆಯೇಶಾನ ಬೇಕವ್ವಾ."

"ಅಯ್ಯ ನಿನ್ನ! ಇದನ್ನ ಎರಡು ದಿನದಿಂದ ಯಾಕ ಬೊಗಳಲಿಲ್ಲಲೇ?"

"ನೀ ಬಾಯಿ ಮುಚ್ಚಿದ್ರಲ್ಲ ನಾ ತಗಿಯೂದು!"

ಹಿರಿಯರು ಗೊಳ್ಳೆಂದು ನಕ್ಕರು. ಅಲ್ಮಾಸಬಿ ನಗಲಿಲ್ಲ. ಕುರ್ಚಿಯಿಂದ ಎದ್ದು, ಬಾಗಿಲಿಗೆ ನಡೆದು, ಆ ಬಟ್ಟೆಯ ಚೀಲವನ್ನೆತ್ತಿ ಅಕ್ಬರಸಾಬನ ಕೈಗೇ ಇಟ್ಟಳು.

"ಬೀಗರ, ಇದನ್ನ ಡೋಣಿಗೆ ವಾಪಸ್ ಒಯ್ಯಿರಿ. ನನ್ನ ಸೊಸಿಗೆ ಉಡಾಕ ಹೇಳ್ರಿ."

ಅಕ್ಬರಸಾಬ 'ಬೀಗರು' ಎಂಬ ಮಾತು ಕೇಳಿದ್ದೇ ಚೀಲವನ್ನು ಎದೆಗೆ ಅವಚಿಕೊಂಡು ಮಗುವಿನಂತೆ ಅತ್ತರು. ಇಜಾಜ ಅಲ್ಲೇ ನಿಂತು ತಂಗಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಕೇಳಿದ್ದು ಬರೀ ಅಳು. ಆದರೆ ಅಳುವಿನಲ್ಲೂ ಎಷ್ಟು ತರಹ ಇರುತ್ತವೆ ನೋಡಿ, ಇಜಾಜ ಅದನ್ನು ಕೇಳಿ ನಗುತ್ತಿದ್ದ.

ಗುಲ್ನಾಜ ಯಾರಿಗೂ ಹೇಳದೆ ಮೆಲ್ಲಗೆ ಹೊರಬಿದ್ದಳು. ತನ್ನ ಕೆಲಸ ಮುಗಿದಿತ್ತು. ಅಲ್ಲಿ ನಿಲ್ಲಲು ಈಗ ನಾಚಿಕೆ. ಎಂಥ ಮಾತು ಆಡಿಬಿಟ್ಟೆ, ಅದೂ ಅವರ ಅಪ್ಪನ ಕಿವಿಗೆ ಬೀಳುವ ಹಾಗೆ!

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಾಗ ಇಜಾಜ ಓಡುತ್ತ ಬಂದ. ಏದುಸಿರು ಬಿಡುತ್ತ ಪಕ್ಕದಲ್ಲಿ ನಿಂತ. ಅವಳು ಮುಖ ತಿರುಗಿಸಿದಳು.

"ನನ್ನ ಮುಂದ ಬರಬ್ಯಾಡ ಅಂದಿದ್ರಿ..."

"ಮುಂದ ಬಂದಿದ್ರ ಅಲ್ಲೇ ಕ್ಷಮಿಸಿಬಿಡತಿದ್ದೆ ಗುಲ್ನಾಜ. ನಿನ್ನ ಮುಖ ನೋಡಿದ್ರ ನನಗ ಸಿಟ್ಟು ನಿಲ್ಲಂಗಿಲ್ಲ. ಆಮ್ಯಾಲೆ ನನ್ನ ತಂಗಿ ಮುಖ ಹೆಂಗ ನೋಡ್ಲಿ?"

"ನಾ ಸತ್ತಂಗಾಗಿದ್ದೆ... ಗೊತ್ತೇನು ನಿಮಗ?"

"ಗೊತ್ತು. ನಾನೂ."

ದೂರದಲ್ಲಿ ಅಕ್ಬರಸಾಬ ಚಹಾದ ಅಂಗಡಿಯ ಮುಂದೆ ನಿಂತು ಮಗನಿಗೆ ಕೈ ಮಾಡಿದರು. "ಇಜಾಜಾ! ಬೆಟಗೇರಿ ಬಸ್ಸು ಎಷ್ಟೊತ್ತಿಗೈತಿ ಕೇಳು!"

"ಬೆಟಗೇರಿಗ್ಯಾಕ? ನೀವು ಡೋಣಿಗೆ ಹೋಗಬೇಕಲ್ರಿ?" ಗುಲ್ನಾಜ ಕೇಳಿದಳು.

"ಅಪ್ಪ ನಿಮ್ಮ ಮನಿಗೆ ಬರಾಕತ್ತಾನ."

"ಇವತ್ತ?! ಆಯೇಶಾಂದು ನಿಕಾಹ್ ಆದಮ್ಯಾಲೆ ಅಂದಿದ್ರಿ..."

"ಹೇಳಿದೆ. ಕೇಳವಲ್ಲ. ನಾಲ್ಕು ಮಂದಿ ಮುಂದ ಆ ಹುಡುಗಿ ನಿನ್ನ ಹೆಸರು ತಗೊಂಡಾಳ, ಇನ್ನ ಆಕೀನ ಒಬ್ಬಾಕೀನ ಬಸ್ಸಿಗೆ ಹತ್ತಿಸಿ ಕಳಿಸಿದ್ರ ನೀ ನನ್ನ ಮಗ ಅಲ್ಲ ಅಂತಾನ."

ಗುಲ್ನಾಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಬೆರಳ ಸಂದಿಯಿಂದಲೇ ಸಣ್ಣ ದನಿಯಲ್ಲಿ ಅಂದಳು:

"ಮನ್ಯಾಗ ಬರೇ ಅನ್ನ ಸಾರು ಐತ್ರಿ ಇವತ್ತ..."

"ನಾವು ಹೊಟ್ಟಿ ತುಂಬ ಉಂಡು ಎರಡು ದಿನ ಆತು. ಅನ್ನ ಸಾರು ಸಾಕು." ಇಜಾಜ ಅವಳ ಪಕ್ಕ ಕಟ್ಟೆಯ ಮೇಲೆ ಕೂತ. "ಬಡಸ್ತಿಲ್ಲೋ?"

"ಕೈ ತೊಳಕೊಂಡು ಕುಂಡ್ರಿ... ಬಡಸ್ತೇನಿ."